ಅಂಬೋಲಿ ಘಾಟಿನ ಎರಡು ತಿರುವು

ನನ್ನ ಬಾಯಿ ಜೋರು. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಗೋಕಾಕ–ಮೂಡಲಗಿ ಬಸ್ಸಿನ ಕಂಡಕ್ಟರ್ ಬಾಯಿ ಮೆತ್ತಗಿದ್ದರೆ ನಡೆಯುವುದೂ ಇಲ್ಲ. ಕಲ್ಲೋಳಿಯಲ್ಲಿ ಸಂತೆಯ ದಿನ ಒಂದೇ ಬಾಗಿಲಿಗೆ ಊರೆಲ್ಲ ಮುಗಿಬಿದ್ದಾಗ ನಾನು ‘ದಯವಿಟ್ಟು’ ಎನ್ನುತ್ತ ನಿಂತರೆ, ಬಸ್ಸು ನನ್ನನ್ನೇ ಬಿಟ್ಟು ಹೋದೀತು.

ಆದರೆ ಒಂದು ವರ್ಷ ಪೂರ್ತಿ ಈ ಬಾಯಿ ಮುಚ್ಚಿಕೊಂಡಿರಬೇಕಾಯಿತು. ಅದಕ್ಕೆ ಕಾರಣ ಸೈಕಲ್. ನಮ್ಮ ಕಡೆಯ ಸೈಕಲ್ ಸಂಘದವರು ವರ್ಷಕ್ಕೊಮ್ಮೆ ಹುಕ್ಕೇರಿಯಿಂದ ಗಡಿಯಾಚೆಯ ಅಂಬೋಲಿ ಘಾಟಿನ ಬುಡದವರೆಗೆ ಹೋಗಿ ಬರುವ ಸವಾರಿ ಇಡುತ್ತಾರೆ. ಒಟ್ಟು ಇನ್ನೂರು ಕಿಲೋಮೀಟರ್, ಹದಿಮೂರೂವರೆ ತಾಸು. ಇದು ಪೈಪೋಟಿಯಲ್ಲ, ಮೊದಲು ಬಂದವರಿಗೂ ಕೊನೆಗೆ ಬಂದವರಿಗೂ ಅದೇ ಪದಕ. ಆದರೆ ಬೆಳಿಗ್ಗೆ ಆರಕ್ಕೆ ಹೊರಟವರು ಸಂಜೆ ಏಳೂವರೆಯೊಳಗೆ, ದಾರಿಯಲ್ಲಿ ಹೇಳಿದ ಜಾಗಗಳಲ್ಲೆಲ್ಲ ಕಾರ್ಡಿಗೆ ಮುದ್ರೆ ಹಾಕಿಸಿಕೊಂಡು, ಸ್ವಂತ ಕಾಲಿನಿಂದಲೇ ತುಳಿದು ವಾಪಸು ಬರಬೇಕು. ಮೊದಲ ಸಲ ಹೋದಾಗ ನಾನು ಘಾಟಿನ ನಡುವೆ ಕುಸಿದು ಕೂತೆ. ಸಂಘದವರ ಜೀಪು ಬಂತು. ಸೈಕಲ್ಲು ಮೇಲೆ, ನಾನು ಒಳಗೆ.

ಮರುದಿನದಿಂದ ನಮ್ಮ ಬಸ್ಸಿನ ಡ್ರೈವರನಿಗೆ ಹಬ್ಬ. ರಸ್ತೆಯಲ್ಲಿ ಚೂರು ಏರು ಬಂದರೆ ಸಾಕು, ಕನ್ನಡಿಯಲ್ಲಿ ನನ್ನ ಮುಖ ಹುಡುಕಿ ಕೇಳುತ್ತಿದ್ದ: “ಅಕ್ಕಾರ, ಏರ ಬಂತ್ರಿ. ಜೀಪ್ ಕರಸ್ಲೇನ್ರಿ?”

ವಿಷಯ ಗೊತ್ತಿದ್ದವರೂ ನಗುತ್ತಿದ್ದರು, ಗೊತ್ತಿಲ್ಲದವರೂ ನಗುತ್ತಿದ್ದರು. ಪಿತ್ತ ನೆತ್ತಿಗೇರುತ್ತಿತ್ತು, ಆದರೆ ಏನಂತ ಉತ್ತರ ಕೊಡಲಿ? ಜೀಪು ಹತ್ತಿ ಬಂದದ್ದು ಖರೆಯೇ ಇತ್ತಲ್ಲ. ಈ ವರ್ಷ ಮುಗಿಸಿಯೇ ಬರಬೇಕು, ಇಲ್ಲವಾದರೆ ಸೈಕಲ್ ಮಾರಿಬಿಡಬೇಕು ಎಂದು ತೀರ್ಮಾನಿಸಿದೆ.

ತಯಾರಿ ಮಾಡಿಸಿದವರು ಕಾಕಾ. ರಕ್ತ ಸಂಬಂಧವಲ್ಲ, ಹುಕ್ಕೇರಿಯಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿರುವ, ಅರವತ್ತು ದಾಟಿದ ಅವರನ್ನು ಎಲ್ಲರೂ ಕಾಕಾ ಎಂದೇ ಕರೆಯುತ್ತಾರೆ. ನನ್ನ ಸೈಕಲ್ಲನ್ನು ಹಳೆಯ ಸಾಮಾನು ಹೊಂದಿಸಿ ಅವರೇ ಕಟ್ಟಿಕೊಟ್ಟಿದ್ದರು. ಡ್ಯೂಟಿ ಇಲ್ಲದ ದಿನ ನಾನು ಮಮದಾಪುರದ ಮನೆಯಿಂದ ಹೊರಡುತ್ತಿದ್ದೆ, ಅವರು ಹಿಡಕಲ್ ಡ್ಯಾಮಿನ ಹತ್ತಿರ ಸಿಗುತ್ತಿದ್ದರು. ಅಲ್ಲಿಯ ಏರನ್ನು ಹತ್ತಿಸಿ ಇಳಿಸಿ ಜೀವ ತಿನ್ನುತ್ತಿದ್ದರು.

ಸವಾರಿಯ ದಿನ ಥಂಡಿ ಇತ್ತು. ಕಾಕಾ ಕೂಡ ಹೆಸರು ಕೊಟ್ಟು ನನ್ನ ಜೊತೆಗೇ ಹೊರಟರು. ಸಂಕೇಶ್ವರ, ಗಡಹಿಂಗ್ಲಜ, ಆಜರಾ ಒಂದೊಂದಾಗಿ ಹಿಂದೆ ಸರಿದವು. ಆಜರಾ ದಾಟಿದ ಮೇಲೆ ಊರುಗಳು ವಿರಳವಾಗಿ, ಕಾಡು ದಟ್ಟವಾಗಿ, ಫೋನಿಗೆ ಸಿಗ್ನಲ್ಲೂ ಇಲ್ಲದಂತಾಯಿತು. ಘಾಟು ಇಳಿದದ್ದು ಒಂದೇ ಉಸಿರಿಗೆ. ಬುಡದ ಚಹಾದಂಗಡಿಯಲ್ಲಿ ಮುದ್ರೆ ಬಿದ್ದಾಗ ಹನ್ನೆರಡೂ ಕಾಲು. ಸೈಕಲ್ ತಿರುಗಿಸಿ ಮೇಲೆ ನೋಡಿದರೆ, ಇಳಿದ ಗುಡ್ಡವಷ್ಟನ್ನೂ ಈಗ ಹತ್ತಬೇಕಿತ್ತು.

ಹತ್ತಿದೆ. ಹೋದ ವರ್ಷ ಕುಸಿದ ಜಾಗವನ್ನೂ ದಾಟಿದೆ. ದಾಟುವಾಗ ಆ ರಸ್ತೆಗೆ ಬಾಯಿಗೆ ಬಂದಂತೆ ಬೈದೆ, ಹಾಯೆನಿಸಿತು. ಕಾಕಾ ಒಂದು ತಿರುವಿನಷ್ಟು ಹಿಂದಿದ್ದರು. ಬಂಡೆಯಿಂದ ನೀರು ಬೀಳುವ ಒಂದು ಜಾಗದಲ್ಲಿ ಕೆಂಪು ಕಲ್ಲು ಹೇರಿಕೊಂಡ ಲಾರಿಯೊಂದು ನರಳುತ್ತ ನನ್ನ ಬಾಜೂ ಬಂತು. ನಡೆಯುವವರಷ್ಟೇ ನಿಧಾನ. ಹಿಂದುಗಡೆ ಒಂದು ಹಗ್ಗ ಜೋತುಬಿದ್ದಿತ್ತು.

ನನ್ನ ಕೈ ಹೋಗಿ ಅದನ್ನು ಹಿಡಿಯಿತು.

ಕೈ ಎಂದೆ, ತಲೆ ಎನ್ನಲಿಲ್ಲ. ಕಬ್ಬಿನ ಸೀಮೆಯಲ್ಲಿ ಬೆಳೆದವರಿಗೆ ಇದು ಅರ್ಥವಾಗುತ್ತದೆ. ಮಮದಾಪುರದಿಂದ ಗೋಕಾಕಿನ ಹೈಸ್ಕೂಲಿಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದ ನಾವೆಲ್ಲ ಕಬ್ಬಿನ ಟ್ರ್ಯಾಕ್ಟರಿಗೆ ಕಾಯುತ್ತಿದ್ದೆವು. ಒಂದು ಕೈಯಲ್ಲಿ ಟ್ರಾಲಿಯ ಸರಪಳಿ, ಇನ್ನೊಂದು ಕೈಯಲ್ಲಿ ಹ್ಯಾಂಡಲ್, ಧೈರ್ಯವಿದ್ದರೆ ಬಾಯಲ್ಲಿ ಎಳೆದುಕೊಂಡ ಕಬ್ಬು. ಮಾಸ್ತರರು ಬೆತ್ತ ಮುರಿಯುವಷ್ಟು ಹೊಡೆದರೂ ಬಿಡಲಿಲ್ಲ. ಗಾಡಿ ನಿಧಾನಕ್ಕೆ ಬಂದರೆ ಹಿಡಿಯುವುದು, ಅಷ್ಟೇ. ಘಾಟಿನಲ್ಲಿಯೂ ಹಾಗೆಯೇ ಹಿಡಿದೆ. ಕಾಲಿಗೆ ಸುಖ, ಮುಖಕ್ಕೆ ತಂಗಾಳಿ. ಎರಡು ತಿರುವು ಹೋದ ಮೇಲೆ, ಕಾಡು ಎಷ್ಟು ಚಂದ ಐತಲ್ಲ ಎಂದುಕೊಂಡಾಗಲೇ ತಿಳಿಯಿತು, ನಾನು ತುಳಿಯುತ್ತಲೇ ಇರಲಿಲ್ಲ. ಹಗ್ಗ ಬಿಟ್ಟೆ.

ಲಾರಿ ಮುಂದೆ ಹೋಯಿತು. ನಾನು ಕಾಲು ಊರಿ ನಿಂತೆ. ಸ್ವಲ್ಪ ಹೊತ್ತಿಗೆ ಕಾಕಾ ಏದುಸಿರು ಬಿಡುತ್ತ ಬಂದರು. ಕೆಳಗಿನ ತಿರುವಿನಿಂದ ಅವರಿಗೆ ಎಲ್ಲ ಕಂಡಿತ್ತು.

“ಕಾಕಾ, ನಾ ಏನ ಮಾಡಿದ್ನಿರೀ?”

“ಏನೂ ಮಾಡಿಲ್ಲ. ನಡಿ.”

“ಹಗ್ಗಾ ಹಿಡದಿದ್ನೆಲ್ರಿ!”

“ನಾ ನೋಡಿಲ್ಲ. ಈ ಮಂಗ್ಯಾಗೋಳ ಬಿಟ್ರ ಯಾರೂ ನೋಡಿಲ್ಲ. ವ್ಯಾಳೆ ನೋಡ ಮಗಳ, ಒಂದ ಹೊಡದ ಹೋಗೇತಿ. ನಡಿ ಅಂದ್ರ ನಡಿ.”

ಕಟ್ಟೆಯ ಮೇಲೆ ಸಾಲಾಗಿ ಕೂತ ಮಂಗಗಳು ನಮ್ಮನ್ನೇ ನೋಡುತ್ತಿದ್ದವು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಟಿಕೆಟ್ ತೆಗೆಯದೆ ಕೂತವರನ್ನು ಮುಖ ಮೋರೆ ನೋಡದೆ ಅರ್ಧ ದಾರಿಯಲ್ಲಿ ಇಳಿಸಿದವಳು ನಾನು. ಈಗ ನಾನೇ ಪುಕ್ಕಟೆ ಎರಡು ತಿರುವು ಬಂದಿದ್ದೆ. ಹೋದ ವರ್ಷದ ಸೋಲು ಎಲ್ಲರಿಗೂ ಗೊತ್ತಿತ್ತು, ನಕ್ಕರು, ಮುಗಿಯಿತು. ಇದು ಗೆದ್ದರೂ ಒಳಗೊಳಗೇ ಕೊರೆಯುವ ಸೋಲು. ಸೈಕಲ್ಲಿನ ಮುಖ ಕೆಳಕ್ಕೆ ತಿರುಗಿಸಿದೆ.

“ಹುಚ್ಚ ಹಿಡದೈತೇನ ನಿನಗ!” ಕಾಕಾ ಕೂಗಿದರು. “ಮುಗೀತೈತಿ ವ್ಯಾಳೆ!”

“ನೀವ ಹೋಗ್ರಿ! ನನ್ನ ಸಲುವಾಗಿ ನಿಮ್ದ್ಯಾಕ ಹಾಳ ಮಾಡ್ಕೋತೀರಿ!” ಎಂದು ಹಿರಿಯರೆನ್ನುವುದನ್ನೂ ಮರೆತು ಒದರಿದೆ.

ನೀರು ಬೀಳುವ ಜಾಗಕ್ಕಿಂತ ನಾಲ್ಕು ಮಾರು ಕೆಳಗೆ ಹೋಗಿ ತಿರುಗಿದೆ. ಇಳಿಯಲು ಎರಡು ನಿಮಿಷ, ಹತ್ತಲು ಇಪ್ಪತ್ತು ನಿಮಿಷ. ಎಡಗಾಲಿನ ಮೀನಖಂಡ ಹಿಡಿದುಕೊಂಡಿತು. ಇಳಿದು ತಿಕ್ಕಿ ಮತ್ತೆ ಹತ್ತಿದೆ. ಲಾರಿಗೆ ಬೈದೆ, ಹಗ್ಗ ಬಿಟ್ಟುಕೊಂಡು ಹೋದವನಿಗೆ ಬೈದೆ, ನಮ್ಮ ಡ್ರೈವರನಿಗೆ ಬೈದೆ, ಎಲ್ಲಕ್ಕಿಂತ ಹೆಚ್ಚು ನನ್ನ ಕೈಗೆ ಬೈದೆ.

ಮೇಲೆ ಬಂದರೆ, ಅದೇ ಕಟ್ಟೆಯ ಮೇಲೆ ಕಾಕಾ ಕೂತಿದ್ದರು.

“ಹೋಗ್ಲಿಲ್ಲೇನ್ರಿ ನೀವು?”

“ನೀ ಅಲ್ಲೇ ಬಿದ್ರ ಸೈಕಲ್ ಯಾರ ತರೂದು? ನಾ ಕಟ್ಟಿದ್ದ ಐತಿ ಅದು,” ಎಂದು ಅರ್ಧ ಬಾಳೆಹಣ್ಣು ಚಾಚಿದರು. “ಇನ್ನರ್ಧಾ ಮಂಗ್ಯಾ ಕಸಗೊಂಡ ಹೋತು. ಲಗೂ ತಿನ್ನು.”

ಘಾಟಿನ ನೆತ್ತಿ ಮುಟ್ಟಿದಾಗ ಎರಡೂವರೆ ಆಗುತ್ತ ಬಂದಿತ್ತು. ಆಜರಾದಲ್ಲಿ ಮುದ್ರೆ ಹಾಕಿಸಿಕೊಂಡು ನಿಂತಲ್ಲೇ ನೀರು ಕುಡಿದೆವು. ಗಡಹಿಂಗ್ಲಜ ಸಮೀಪಿಸಿದಾಗ ಎದುರುಗಾಳಿ ಎದ್ದಿತು. ಕಾಕಾ ಮುಂದೆ ಬಂದರು.

“ನನ್ನ ಹಿಂದಿನ ಗಾಲಿಗೆ ಅಂಟ್ಕೊಂಡ ಬಾ. ಗಾಳಿ ನಾ ತಡೀತೇನಿ.”

“ಇದೂ ನೆರವ ಆಗಾಂಗಿಲ್ಲೇನ್ರಿ ಮತ್ತ?”

“ಸಂಗಾಟ ಸವಾರಿ ಮಾಡಾವ್ರಿಗೆ ಇದು ನಡೀತೈತಿ. ಇನ್ನೊಮ್ಮೆ ಹಿಂದ ತಿರಿಗಿದ್ಯಂದ್ರ ನಾನ ಒದೀತೇನಿ!”

ಸಂಕೇಶ್ವರ ದಾಟುವಾಗ ಕತ್ತಲಾಗಿತ್ತು, ಆರೂ ನಲವತ್ತು. ದೀಪ ಹಚ್ಚಿಕೊಂಡು ತುಳಿದೆವು. ಹುಕ್ಕೇರಿ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಸಾಲುಗಟ್ಟಿ ಹೊರಟಿದ್ದವು. ಪ್ರತಿ ಟ್ರಾಲಿಯ ಹಿಂದೂ ಸರಪಳಿ ತೂಗುತ್ತಿತ್ತು. ಎರಡೂ ಕೈಯಿಂದ ಹ್ಯಾಂಡಲ್ ಬಿಗಿಹಿಡಿದು, ನಾನೇ ಮುಂದೆ ಬಂದು, ಬಸ್ಸಿನಲ್ಲಿ ಕೂಗುವ ಗಂಟಲಿನಿಂದಲೇ “ಸೈಡ್ ಕೊಡ್ರೀ! ಸೈಡ್ ಕೊಡ್ರೀ!” ಎಂದು ಕೂಗಿದೆ. ಅಷ್ಟು ಹಾಡಿನಲ್ಲೂ ಅವರಿಗೆ ಕೇಳಿಸಿತು. ಒಬ್ಬೊಬ್ಬರಾಗಿ ದಾರಿ ಬಿಟ್ಟರು. ಕಾಲು ನೋಯುತ್ತಿರಲಿಲ್ಲ, ಕಾಲು ಇದ್ದದ್ದೇ ತಿಳಿಯುತ್ತಿರಲಿಲ್ಲ. ಅಂಥ ಖುಷಿ ನನಗೆ ಹಿಂದೆಂದೂ ಆಗಿರಲಿಲ್ಲ.

ಬೆಳಿಗ್ಗೆ ಹೊರಟಿದ್ದ ಹುಕ್ಕೇರಿಯ ಸಾಲೆಯ ಅಂಗಳಕ್ಕೆ ನುಗ್ಗಿದಾಗ ಗೋಡೆಯ ಗಡಿಯಾರದಲ್ಲಿ ಏಳೂ ಇಪ್ಪತ್ತಾರು. ಮೇಜಿನ ಹಿಂದೆ ಕೂತಿದ್ದ ಸಂಘದ ಹಿರಿಯರು ನನ್ನ ಕಾರ್ಡು ತೆಗೆದುಕೊಂಡು, ವೇಳೆ ಬರೆಯಲು ಪೆನ್ನು ಎತ್ತಿದರು.

“ತಡೀರಿ,” ಎಂದೆ.

ಕಾಕಾ ಹಿಂದಿನಿಂದ ಮೊಣಕೈಯಲ್ಲಿ ತಿವಿದರು. ಲೆಕ್ಕಿಸದೆ ಎಲ್ಲ ಹೇಳಿದೆ: ಲಾರಿ, ಹಗ್ಗ, ಎರಡು ತಿರುವು. ಹಿರಿಯರು ಪೆನ್ನು ಕೆಳಗಿಟ್ಟರು.

“ಗಾಡಿ ಹಿಡಿಯಂಗಿಲ್ಲ ಅಂತ ಮುಂಜಾನೆ ಹೇಳಿದ್ನೆಲ್ರಿ?”

“ಹೇಳೀರ್ರಿ.”

“ಎಲ್ಲಿ ಹಿಡದ್ರಿ? ಎಲ್ಲಿ ತನಕಾ ಹಿಂದಕ್ಕ ಹೋದ್ರಿ?”

“ನೀರ ಬೀಳೂ ಜಾಗಾದಾಗ ಹಿಡದ್ನಿರಿ. ಅದಕ್ಕಿಂತಾ ನಾಕ ಮಾರ ಕೆಳಗ ಹೋಗಿ ತಿರಿಗೇನ್ರಿ.”

ಅವರು ಕಾಕಾನ ಮುಖ ನೋಡಿದರು. ಕಾಕಾ ಹೌದೆಂದು ತಲೆಯಾಡಿಸಿದರು. ಹಿರಿಯರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಆಗುವುದಿಲ್ಲ ಎಂದರೆ ಸುಮ್ಮನೆ ಮನೆಗೆ ಹೋಗುವುದು, ವಾದ ಮಾಡುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

“ಹಂಗಾರ,” ಎಂದು ಅವರು ನಿಧಾನವಾಗಿ ಹೇಳಿದರು, “ಹುಕ್ಕೇರಿಂದ ಹುಕ್ಕೇರಿ ತನಕಾ ನೀವ ತುಳೀಲಾರದ್ದ ಒಂದ ಗೇಣೂ ಉಳದಿಲ್ಲಲ್ರಿ.”

ಏಳೂ ಇಪ್ಪತ್ತಾರು ಎಂದು ಬರೆದು, ಮುದ್ರೆ ಒತ್ತಿದರು. ಮೇಜಿನ ಅಂಚು ಹಿಡಿದುಕೊಂಡು ಎಲ್ಲರೆದುರೇ ಅತ್ತುಬಿಟ್ಟೆ.

“ಸಾಹೇಬ್ರ, ನಂದೂ ಐತ್ರೀ!” ಹಿಂದಿನಿಂದ ಕಾಕಾ ಒದರಿದರು. ನನ್ನ ಪಂಚಾಯಿತಿ ಮುಗಿಯಲೆಂದು ಅಷ್ಟು ಹೊತ್ತು ತಮ್ಮ ಕಾರ್ಡನ್ನು ಕೈಯಲ್ಲೇ ಹಿಡಿದು ನಿಂತಿದ್ದರು ಪುಣ್ಯಾತ್ಮ. ಗಡಿಯಾರದಲ್ಲಿ ಏಳೂ ಇಪ್ಪತ್ತೊಂಬತ್ತು. ನಾನೇ ಆ ಕಾರ್ಡು ಕಸಿದು ಮೇಜಿನ ಮೇಲೆ ಬಡಿದೆ. ಹಿರಿಯರು ಗಾಬರಿಯಿಂದ ವೇಳೆ ಬರೆದು ಮುದ್ರೆ ಹಾಕಿದರು. ಎಣ್ಣೆ ಮೆತ್ತಿದ ಕಾಕಾನ ಕೈ ಎರಡನ್ನೂ ಹಿಡಿದು, ಅಂಗಳದವರೆಲ್ಲ ತಿರುಗಿ ನೋಡುವಂತೆ ಕೂಗಿದೆ: “ಗೆದ್ವಿರೀ ಕಾಕಾ, ಗೆದ್ವಿ!”