ಮಾಮಿಯ ಬೆಂಕಿಕಡ್ಡಿಗೆ ಸಿಕ್ಕಿದ ಚೀನಾದ ಗೋಪುರ

ಕಳೆದ ಗುರುವಾರ ಬಲ್ಮಠದ ನಮ್ಮ ಫ್ಲ್ಯಾಟಿನಲ್ಲಿ ಚೀನಾದ ಗೋಪುರವೊಂದಕ್ಕೆ ಬೆಂಕಿ ಬಿತ್ತು. ಇಟ್ಟವರು ನನ್ನ ಅತ್ತೆ. (ಗಾಬರಿ ಬೇಡ, ಸುಟ್ಟದ್ದು ಒಂದೇ ನೂಲು.)

ತೊಕ್ಕೊಟ್ಟಿನಲ್ಲಿ ಟೈಲ್ಸ್ ಅಂಗಡಿ ಇಟ್ಟಿರುವ ನನ್ನ ಗಂಡ ಮಾಲು ನೋಡಲು ಚೀನಾಕ್ಕೆ ಹೋದವರು ರೇಷ್ಮೆಯ ಮೇಲೆ ಬರೆದ ಚಿತ್ರವೊಂದನ್ನು ಸುರುಳಿ ಸುತ್ತಿ ತಂದಿದ್ದರು. ಬೆಟ್ಟ, ಮಂಜು, ಮಂಜಿನ ನಡುವೆ ನಾಲ್ಕಂತಸ್ತಿನ ಗೋಪುರ, ಅದರ ಬುಡದಲ್ಲಿ ಇರುವೆಯಷ್ಟು ದೊಡ್ಡ ಮನುಷ್ಯ. "ಪ್ಯೂರ್ ಸಿಲ್ಕ್! ಹಳೇ ಕಾಲದ ಕ್ರಮದಲ್ಲೇ ಕೈಯಲ್ಲಿ ಬರೆದದ್ದು" ಎಂದು ಬಂದವರಿಗೆಲ್ಲ ಭಾಷಣ. ಗೋಡೆಗೆ ತೂಗುಹಾಕಿದ ಚಿತ್ರ ಹಾಳಾದೀತೆಂದು ಹದಿನೈದು ದಿನ ಹಾಲ್‌ನಲ್ಲಿ ಫ್ಯಾನ್ ಇಲ್ಲ, ಊದುಬತ್ತಿ ಇಲ್ಲ. ಮಂಗಳೂರಿನ ಸೆಕೆಯಲ್ಲಿ ಫ್ಯಾನ್ ಇಲ್ಲದೆ ಕಲೆಯನ್ನು ಆಸ್ವಾದಿಸಿದ್ದೀರಾ? ನಾನು ಆಸ್ವಾದಿಸಿದ್ದೇನೆ, ಬೆವರು ಒರೆಸಿಕೊಂಡು.

ಮೊಣಕಾಲು ನೋವಿನ ಮಾಮಿ (ಅತ್ತೆಯನ್ನು ನಾವು ಕರೆಯುವುದು ಹಾಗೆ) ಚಿತ್ರದ ಮುಂದೆ ನಿಂತು ಕೇಳಿದ್ದು ಒಂದೇ ಪ್ರಶ್ನೆ: "ಲಿಫ್ಟ್ ಉಂಟಾ?"

ಆಮೇಲೆ ಅವರ ಕೈ ಅಂಚಿನ ನೂಲಿಗೆ ಹೋಯಿತು. ನಮ್ಮ ಕುಟುಂಬದಲ್ಲಿ ಯಾರ ಮದುವೆ ಸೀರೆಯೂ ಮಾಮಿಯ ಪರೀಕ್ಷೆ ದಾಟದೆ ಮಂಟಪಕ್ಕೆ ಹೋದದ್ದಿಲ್ಲ. ಒಂದು ನೂಲು ಎಳೆದು ಕಡ್ಡಿ ಗೀರುತ್ತಾರೆ. ಕೂದಲು ಸುಟ್ಟ ವಾಸನೆ ಬಂದು ಬೂದಿಯಾದರೆ ರೇಷ್ಮೆ. ಕರಗಿ ಗಂಟಾದರೆ ಪ್ಲಾಸ್ಟಿಕ್ಕು.

ಗೋಪುರದ ನೂಲು ಕರಗಿತು. ಸಾಸಿವೆಯಷ್ಟು ಕರಿ ಗಂಟು.

ನನಗೆ ಖುಷಿಯೋ ಖುಷಿ. ಊರಿಗೆಲ್ಲ 'ಮಾರ್ಬಲ್ ಲುಕ್' ಟೈಲ್ಸ್ ಮಾರುವ ಮನುಷ್ಯನಿಗೇ ಟೋಪಿ!

ಅಷ್ಟರಲ್ಲಿ ಅವರೇ ಊಟಕ್ಕೆ ಬಂದರು. ತಾಯಿಯ ಕೈಯಲ್ಲಿ ಕಡ್ಡಿ ನೋಡಿದ್ದೇ ಮುಖ ಬಿಳಿಚಿಕೊಂಡಿತು. ಭಾನುವಾರ ಈ ಚಿತ್ರ ತೋರಿಸಲೆಂದೇ ಹತ್ತು ಮಂದಿ ಗೆಳೆಯರನ್ನು ಕರೆದಾಗಿತ್ತು.

"ಅಮ್ಮ, ಎಂತ ಆಯ್ತು?"

ಐವತ್ತೆರಡರ ಗಂಡಸಿನ ಸ್ವರ ಎಸ್ಸೆಸ್ಸೆಲ್ಸಿ ರಿಸಲ್ಟ್ ಕಾಯುವವನ ಹಾಗಿತ್ತು. ನನಗೆ ಪಾಪ ಅನಿಸಿಬಿಟ್ಟಿತು.

ಮಾಮಿ ಗಂಟನ್ನು ಸೆರಗಿನಲ್ಲಿ ಒರೆಸಿ ಹಾಕಿದರು. "ಎಂತ ಆಗ್ಲಿಕ್ಕುಂಟು ಮಾರಾಯ? ಪ್ಯೂರೇ. ಕೂದಲು ಸುಟ್ಟ ವಾಸನೆ ಬರ್ತಾ ಉಂಟಲ್ಲ, ಮೂಗಿಲ್ವಾ ನಿನಗೆ? ಕೈ ತೊಳೆದು ಬಾ, ಬಡಿಸ್ತೇನೆ."

ಗಂಡ ಅಂದು ಎರಡು ಸಲ ಅನ್ನ ಹಾಕಿಸಿಕೊಂಡರು.

ತುತ್ತು ಇಳಿಯದೇ ಹೋದದ್ದು ನನಗೆ. ಇಪ್ಪತ್ತೈದು ವರ್ಷದ ಹಿಂದೆ, ನನ್ನ ಅಮ್ಮ ಆಸೆಪಟ್ಟು ಕೊಡಿಸಿದ ಮದುವೆ ಸೀರೆಯ ನೂಲನ್ನೂ ಮಾಮಿ ಹೀಗೇ ಸುಟ್ಟು, ನೆಂಟರೆಲ್ಲರ ಎದುರು "ಪ್ಯೂರ್" ಎಂದಿದ್ದರು. ಅಮ್ಮನ ಮುಖ ಅರಳಿತ್ತು.

ಈಗ ಹೇಳಿ, ಆ ದಿನ ಮಾಮಿಯ ಮೂಗಿಗೆ ಬಂದದ್ದು ಯಾವ ವಾಸನೆ?