ಅಪ್ಪ ಕಿವಿಯಿಂದ ಆರಿಸಿದ ಕಂಪ್ಯೂಟರ್

ಮಾಲೂರಿನಲ್ಲಿ ಅಪ್ಪ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದರು. ಒಂದೇ ಉದ್ದನೆಯ ಕೋಣೆ, ಹತ್ತು ಇಂಗ್ಲಿಷ್ ಮಷೀನು, ಎರಡು ಕನ್ನಡ ಮಷೀನು. ಯಾರು ಯಾವ ಮಷೀನಿನಲ್ಲಿ ಬೆರಳು ತಪ್ಪಿಟ್ಟರು ಅನ್ನುವುದನ್ನು ಅವರು ಪೇಪರ್ ಓದುತ್ತಾ, ತಲೆ ಎತ್ತದೆ ಹೇಳುತ್ತಿದ್ದರು. ಆ ಕಿವಿಗೆ ಊರಲ್ಲೆಲ್ಲ ಹೆಸರಿತ್ತು. ಅಪ್ಪನಿಗಂತೂ ಅದರ ಬಗ್ಗೆ ಊರಿಗಿಂತ ಒಂದು ಕೈ ಹೆಚ್ಚೇ ಅಭಿಮಾನ.

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ದಿನಾ ಬೆಂಗಳೂರಿಗೆ ರೈಲಿನಲ್ಲಿ ಓಡಾಡುವವರು ಕಂಪ್ಯೂಟರ್ ಅನ್ನುವ ಮಾತನ್ನು ಊರಿಗೆ ಹೊತ್ತು ತಂದರು. ಟೈಪಿಂಗ್ ಸೇರಲು ಬಂದವರು ‘ಕಂಪ್ಯೂಟರ್ ಇಲ್ವಾ ಸಾರ್?’ ಅಂತ ಕೇಳಿ ವಾಪಸ್ ಹೋಗತೊಡಗಿದರು. ಅಪ್ಪ ನನ್ನನ್ನು ಆರು ತಿಂಗಳು ಬೆಂಗಳೂರಿಗೆ ಕಲಿಯಲು ಕಳಿಸಿದರು. ಬೆಳಗಿನ ರೈಲಿನಲ್ಲಿ ನಿಂತುಕೊಂಡೇ ಹೋಗಿ, ಸಂಜೆಯ ರೈಲಿನಲ್ಲಿ ನಿಂತುಕೊಂಡೇ ಬರುತ್ತಿದ್ದೆ. ‘ಕಂಪ್ಯೂಟರ್ ಬಂದ್ರೆ ಆ ಕ್ಲಾಸು ನಿಂದೇ ಕಣಮ್ಮ, ನಾನು ತಲೆ ಹಾಕಲ್ಲ’ ಅಂದಿದ್ದರು. ಇಪ್ಪತ್ತೆರಡು ವರ್ಷಕ್ಕೆ ನನ್ನದೇ ಅಂತ ಒಂದು ಕ್ಲಾಸು! ಅದಕ್ಕಿಂತ ದೊಡ್ಡದು ಆಗ ನನಗೆ ಏನೂ ಬೇಕಿರಲಿಲ್ಲ.

ತಲೆ ಹಾಕಲ್ಲ ಅಂದವರು ಕೊಳ್ಳುವ ದಿನ ಇಡೀ ಮೈಯನ್ನೇ ಹಾಕಿದರು. ಬೆಂಗಳೂರಿನ ಅಂಗಡಿಯಲ್ಲಿ ಎರಡು ತರದ್ದು ಇಟ್ಟಿದ್ದರು. ಒಂದು, ಫ್ಲಾಪಿ ಹಾಕುವ ಪಿಸಿ. ನಾನು ಕಲಿತದ್ದು ಅದರಲ್ಲೇ, ಆಫೀಸುಗಳಿಗೆ ಬರುತ್ತಿದ್ದದ್ದೂ ಅದೇ. ಇನ್ನೊಂದು, ಕೀಬೋರ್ಡಿನೊಳಗೇ ಎಲ್ಲ ಅಡಗಿರುವಂಥದ್ದು. ಅದನ್ನು ಮನೆಯ ಟಿವಿಗೆ ಸಿಕ್ಕಿಸಬೇಕು. ಮಾಡಿದ ಕೆಲಸ ಉಳಿಯಬೇಕಾದರೆ ಟೇಪ್ ರೆಕಾರ್ಡರಿನಲ್ಲಿ ಕ್ಯಾಸೆಟ್ ಹಾಕಿ ತುಂಬಿಕೊಳ್ಳಬೇಕು.

ಅಪ್ಪ ಪರದೆಯ ಕಡೆ ನೋಡಲೇ ಇಲ್ಲ. ಹೆಗಲ ಮೇಲಿನ ಟವೆಲ್ ತೆಗೆದು ಕೀಗಳ ಮೇಲೆ ಹೊದಿಸಿದರು, ನೋಡದೆ ಹೊಡೆಯುವುದನ್ನು ಕಲಿಸಲು ಇನ್‌ಸ್ಟಿಟ್ಯೂಟಿನಲ್ಲಿ ಮಾಡುವ ಹಾಗೆ. ಅದರಡಿ ಕೈ ತೂರಿಸಿ, ಕಣ್ಣು ಮುಚ್ಚಿ, ಎ ಎಸ್ ಡಿ ಎಫ್ ಹೊಡೆದರು. ಪಿಸಿಯ ಕೀಗಳು ಮೆತ್ತಗಿದ್ದವು. ‘ಇದೇನ್ರೀ, ಬಾಯೇ ಬಿಡಲ್ಲ!’ ಅಂದರು. ಎರಡನೆಯದು ಟಕಟಕ ಅಂತ ಮಾತಾಡಿತು. ಖುಷಿ ಜಾಸ್ತಿಯಾದರೆ ಅಪ್ಪನಿಗೆ ತೆಲುಗು ಬರುತ್ತಿತ್ತು. ‘ಇದೀ ಮಿಷನಂಟೇ!’ ಅಂದರು, ಮಷೀನು ಅಂದರೆ ಇದು ಅಂತ. ಟೈಪ್‌ರೈಟರಿನ ಹಾಗೆ ಸಾಲು ಮುಗಿದಾಗ ಗಂಟೆ ಎಲ್ಲಿ ಹೊಡೆಯುತ್ತೆ ಅಂತಲೂ ಕೇಳಿದರು. ಅಂಗಡಿಯವನು ನನ್ನ ಮುಖ ನೋಡಿದ.

‘ಸಾರ್, ಪಿಸಿ ಆದ್ರೆ ಬರೆದಿದ್ದೆಲ್ಲ ಫ್ಲಾಪೀಲಿ ಉಳಿಯುತ್ತೆ’ ಅಂದ ಪಾಪ.

‘ಉಳಿಸ್ಕೊಂಡು ಏನ್ರೀ ಮಾಡೋದು? ಪ್ರಾಕ್ಟೀಸ್ ಪೇಪರು, ದಿನಾ ಹರಿದು ಬಿಸಾಕ್ತೀವಿ.’

‘ಅಪ್ಪಾ, ಪಿಸೀನೇ ತಗೊಳ್ಳಿ. ಮುಂದೆ ಎಲ್ಲಾ ಕಡೆ ಅದೇ ಇರೋದು’ ಅಂದೆ.

‘ನಿಂದು ಆರು ತಿಂಗಳ ವಿದ್ಯೆ ಕಣಮ್ಮ. ಈ ಬೆರಳಿಗೆ ಮೂವತ್ತು ವರ್ಷ.’

ಹೊರಗಿನವರ ಎದುರು ಅಪ್ಪನಿಗೆ ಎರಡನೇ ಸಲ ಎದುರಾಡುವ ಹೆಣ್ಣು ನಮ್ಮ ಮನೆಯಲ್ಲಿ ಇನ್ನೂ ಹುಟ್ಟಿರಲಿಲ್ಲ. ನಾನೂ ಬಾಯಿ ಮುಚ್ಚಿಕೊಂಡು, ಡಬ್ಬ ಹೊತ್ತುಕೊಂಡು ರೈಲು ಹತ್ತಿದೆ. ಅಪ್ಪನಿಗೆ ಹೇಗೋ, ನನಗೆ ಆ ಮೌನದ ಬಗ್ಗೆ ಇವತ್ತಿಗೂ ನಾಚಿಕೆ.

ಮನೆಯ ಟಿವಿ ಇನ್‌ಸ್ಟಿಟ್ಯೂಟಿಗೆ ಹೋಯಿತು. ಭಾನುವಾರದ ಸಿನಿಮಾ ತಪ್ಪಿತೆಂದು ಅಮ್ಮ ಒಂದು ವಾರ ಪಲ್ಯ ಮಾಡಲಿಲ್ಲ. ಒಂಬತ್ತು ಜನ ಸೇರಿದರು. ಕ್ಯಾಸೆಟ್ಟಿನಿಂದ ಪಾಠ ಕಂಪ್ಯೂಟರಿನೊಳಗೆ ಹೋಗುವಷ್ಟರಲ್ಲಿ ಎದುರಿನ ಹೋಟೆಲಿಗೆ ಹೋಗಿ ಕಾಫಿ ಕುಡಿದು ಬರಬಹುದಿತ್ತು. ಅಂತೂ ಒಳಗೆ ಹೋಯಿತಪ್ಪಾ ಅಂತ ಉಸಿರುಬಿಟ್ಟರೆ ಕರೆಂಟ್ ಹೋಗುತ್ತಿತ್ತು. ಕ್ಯಾಸೆಟ್ಟಿಗೆ ತುಂಬುವ ಮೊದಲೇ ಅರ್ಧ ಗಂಟೆಯ ಕೆಲಸವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಅಪ್ಪ ಮಾತ್ರ ಬಂದವರಿಗೆಲ್ಲ ಕೀ ಒತ್ತಿ ಶಬ್ದ ಕೇಳಿಸುತ್ತಿದ್ದರು.

ಅಷ್ಟರಲ್ಲಿ ಸ್ಟೇಷನ್ ರಸ್ತೆಯಲ್ಲಿ ಇನ್ನೊಬ್ಬರು ಪಿಸಿ ತಂದು ಬೋರ್ಡ್ ಹಾಕಿದರು. ಎರಡೇ ತಿಂಗಳಲ್ಲಿ ನನ್ನ ಒಂಬತ್ತೂ ಜನ ಅಲ್ಲಿಗೆ ಹೋದರು. ಕೊನೆಯವಳು ಮಾತ್ರ ಹೇಳಿ ಹೋಗಲು ಬಂದಳು. ಇಟ್ಟಿಗೆ ಗೂಡಿನ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದ ಹುಡುಗಿ.

‘ಬೇಜಾರ್ ಮಾಡ್ಕೋಬೇಡಿ ಮೇಡಂ. ಅಲ್ಲಿ ಮಷೀನ್ ಇದೆ, ಹೇಳಿಕೊಡೋರು ಇಲ್ಲ. ನೀವೂ ಬಂದ್ಬಿಡಿ’ ಅಂದಳು.

ಬೇಜಾರಾಗಲಿಲ್ಲ, ಮೈ ಉರಿಯಿತು. ಖಾಲಿ ಬೆಂಚುಗಳ ಮುಂದೆ ಎರಡು ದಿನ ಕೂತೆ. ಮೂರನೆಯ ದಿನ ಯಾರನ್ನೂ ಕೇಳದೆ ಸ್ಟೇಷನ್ ರಸ್ತೆಗೆ ನಡೆದೆ. ಅವರು ಅವತ್ತೇ ಕ್ಲಾಸು ಕೊಟ್ಟರು. ಒಳಗೆ ಹೋದರೆ ಅದೇ ಒಂಬತ್ತು ಜನ ಎದ್ದು ನಿಂತರು.

ಮಗಳು ಎದುರಾಳಿಯ ಹತ್ತಿರ ಸೇರಿದಳು ಅಂತ ಊರು ಆಡಿಕೊಳ್ಳುವ ಮುಂಚೆಯೇ ಅಪ್ಪ ಒಂದು ಕತೆ ಕಟ್ಟಿದರು. ‘ಪಾಪ, ಅವರಿಗೆ ಏನೂ ಬರಲ್ಲ. ಬಂದು ಕೈ ಮುಗಿದ್ರು. ಅದಕ್ಕೆ ನಾನೇ ಮಗಳನ್ನ ಕಳಿಸಿದೀನಿ’ ಅಂತ ಕಟಿಂಗ್ ಶಾಪಿನಿಂದ ಪೋಸ್ಟಾಫೀಸಿನವರೆಗೆ ಹೇಳಿಕೊಂಡು ಬಂದರು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ನನಗೆ ತಡೆಯಲಾಗಲಿಲ್ಲ. ‘ಅಪ್ಪಾ, ನೀವು ಕಳಿಸಿದ್ದಲ್ಲ. ನಾನೇ ಹೋಗಿದ್ದು’ ಅಂದೆ.

ಅಮ್ಮನ ಕೈಯ ಸೌಟು ನಿಂತಿತು. ಅಪ್ಪ ಮುದ್ದೆ ಮುರಿಯುತ್ತಾ ತಟ್ಟೆಯನ್ನೇ ನೋಡುತ್ತಿದ್ದರು.

‘ಗೊತ್ತು ಕಣಮ್ಮ. ಮಗಳ ಮಾತು ಕೇಳದೆ ಕೆಟ್ಟೆ ಅಂತ ಊರಿಗೆಲ್ಲ ಹೇಳ್ಕೊಂಡು ಬರ್ಲಾ?’

‘ಊರಿಗೆ ಬೇಡ. ನನಗೆ ಹೇಳಿ.’

ಅಪ್ಪ ಮುದ್ದೆಯನ್ನು ಸಾರಿಗೆ ಅದ್ದಿ ನುಂಗಿದರು. ಆಮೇಲೆ ಅಮ್ಮನ ಕಡೆ ತಿರುಗಿ, ಉಪ್ಪು ಸ್ವಲ್ಪ ಜಾಸ್ತಿಯಾಗಿದೆ ಅಂದರು.