ಕಟ್ಟಿದ ಕಥೆ

ಸಮಾಜ ಮನೋವಿಜ್ಞಾನದ ಪ್ರೊಫೆಸರ್ ಒಬ್ಬರ ಸಂಶೋಧನೆಗಾಗಿ ನಾನು ಊರೂರು ತಿರುಗಿ, ಜನರಿಗೆ ಒಂದು ಕಥೆ ಹೇಳಿ, ತಪ್ಪು ಯಾರದು ಅಂತ ಕೇಳುತ್ತಿದ್ದೆ. ಲಾರಿ ಡ್ರೈವರ್ ಒಬ್ಬ ಯಾರದೋ ಹಸುವಿಗೆ ಗುದ್ದಿ, ಅದು ಸತ್ತರೂ ನಿಲ್ಲಿಸದೆ ಹೋಗುತ್ತಾನೆ. ಜೊತೆಯ ಡ್ರೈವರ್‌ಗಳಿಗೆಲ್ಲ ಗೊತ್ತಿದ್ದರೂ ಯಾರೂ ಬಾಯಿ ಬಿಡುವುದಿಲ್ಲ. ಅಷ್ಟೇ ಕಥೆ.

ಮರಿಯಮ್ಮನಹಳ್ಳಿಯ ಚಹಾದಂಗಡಿಯಲ್ಲಿ ಕೂತಿದ್ದ ಲಾರಿ ಡ್ರೈವರ್‌ಗಳಿಗೂ ಅದನ್ನೇ ಹೇಳಿದೆ.

"ಇದನ್ನ ನಿಮಗ ಯಾರು ಹೇಳಿದ್ರು?" ಅವರಲ್ಲಿ ಹಿರಿಯನೊಬ್ಬ ಕೇಳಿದ.

"ಯಾರೂ ಇಲ್ಲರಿ. ಇದು ಕಟ್ಟಿದ ಕಥೆ."

"ನೋಡ್ರಿ, ಇಲ್ಲಿ ಯಾವ ಎಮ್ಮಿನೂ ಸತ್ತಿಲ್ಲ. ಚಾ ಕುಡುದು ಬಸ್ ಹತ್ರಿ."

ನಾನು ಹೇಳಿದ್ದು ಹಸು. ಅದನ್ನು ನೆನಪಿಸುವ ಧೈರ್ಯ ಬರಲಿಲ್ಲ. ಇಬ್ಬರು ಬಸ್ ನಿಲ್ದಾಣದವರೆಗೂ ಜೊತೆಗೆ ಬಂದು, ನಾನು ಹತ್ತಿ ಕೂತದ್ದನ್ನು ನೋಡಿಕೊಂಡೇ ತಿರುಗಿದರು.

ಹೊಸಪೇಟೆಯಲ್ಲಿ ಇಳಿದವನೇ ಪ್ರೊಫೆಸರ್‌ಗೆ ಫೋನ್ ಮಾಡಿದೆ. "ಸರ್, ಆ ಕಥೆ ನೀವೇ ಕಟ್ಟಿದ್ದಾ?"

ಅವರು, "ಯಾಕೆ, ಯಾರಾದರೂ ಏನಾದರೂ ಅಂದರಾ?" ಅಂದರು.

ಈಗ ನಾನು ಯಾವ ಊರಿಗೆ ಹೋದರೂ, ಕಥೆ ಶುರು ಮಾಡುವ ಮೊದಲು ವಾಪಸ್ ಬಸ್ ಎಷ್ಟು ಹೊತ್ತಿಗೆ ಅಂತ ಕೇಳಿಕೊಳ್ಳುತ್ತೇನೆ.